ಹೆದ್ದಾರಿ ಪಕ್ಕದ ಉಕ್ತಲೇಖನ

ನಮ್ಮದು ಕಾಸರಗೋಡು ಜಿಲ್ಲೆಯ ಒಂದು ಸರಕಾರಿ ಕನ್ನಡ ಎಲ್.ಪಿ. ಶಾಲೆ. ಒಂದರಿಂದ ನಾಲ್ಕರವರೆಗೆ ತರಗತಿ. ಪಕ್ಕದಲ್ಲೇ ಇಗರ್ಜಿ. ಎರಡಕ್ಕೂ ನಡುವೆ ಮುರಕಲ್ಲಿನ ಒಂದು ಗಿಡ್ಡ ಗೋಡೆ, ಎರಡಕ್ಕೂ ಎದುರು ರಾಷ್ಟ್ರೀಯ ಹೆದ್ದಾರಿ. ನಾನು ಈ ಶಾಲೆಗೆ ಬಂದಾಗ ರಸ್ತೆಗೂ ನಮಗೂ ನಡುವೆ ಅಂಗಳ, ಬಾವಿ, ಎರಡು ಮಾವಿನ ಮರ ಇದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಇಗರ್ಜಿಯ ಗಂಟೆ ಬಡಿದರೆ ಸಾಕು, ಮಕ್ಕಳು ಪುಸ್ತಕ ಮುಚ್ಚಲು ತಯಾರು! "ಅದು ಊಟದ ಬೆಲ್ ಅಲ್ಲ ಮಕ್ಕಳೇ" ಎಂದು ದಿನಾ ಹೇಳಬೇಕಿತ್ತು.

ಹಳೆಯ ಎನ್.ಎಚ್. 17, ಈಗಿನ 66, ಆರು ಪಥ ಆಗುತ್ತದೆ ಎಂದು ವರ್ಷಗಳಿಂದ ಕೇಳುತ್ತಿದ್ದೆವು. ಕೇರಳದಲ್ಲಿ ಮನೆಗಳು ಒತ್ತೊತ್ತು, ಜಾಗ ಕಡಿಮೆ. ಹಾಗಾಗಿ 60 ಮೀಟರ್ ಬೇಡ, 45 ಮೀಟರ್ ಅಗಲ ಸಾಕು ಎಂದು ತೀರ್ಮಾನ ಆಯಿತು. ಆ 45 ಮೀಟರಿಗೇ ನಮ್ಮ ಅಂಗಳ, ಬಾವಿ, ಮರ ಎಲ್ಲ ಹೋದವು. ಇಗರ್ಜಿಯ ಎದುರಿನ ಕಮಾನು, ಆವರಣ ಗೋಡೆಯೂ ಹೋದವು. ಪರಿಹಾರ ಸಿಕ್ಕಿತು, ಅದರ ಬಗ್ಗೆ ನನ್ನ ತಕರಾರಿಲ್ಲ.

ಕೋವಿಡ್ ಮುಗಿದು ಕೇರಳದ ಶಾಲೆಗಳು ತೆರೆದದ್ದು 2021ರ ನವೆಂಬರ್ 1ಕ್ಕೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಕೆಲಸ ಶುರುವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಒಂದೂವರೆ ವರ್ಷ ಮೊಬೈಲಿನಲ್ಲಿ ಪಾಠ ಕೇಳಿದ ಮಕ್ಕಳು ಶಾಲೆಗೆ ಬಂದರು, ಅವರ ಬೆನ್ನಿಗೇ ಹಿಟಾಚಿಯೂ ಬಂತು ಅನ್ನಿ.

ಬೇಸಿಗೆಯಲ್ಲಿ ಕೆಂಪು ಧೂಳು. ಬೆಂಚು, ಬೋರ್ಡು, ಹಾಜರಿ ಪುಸ್ತಕ ಎಲ್ಲ ಕೆಂಪು. ಇಗರ್ಜಿಯ ಬಿಳಿ ಗೋಡೆಯೂ ಕೆಂಪು. ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಸಿ ಇಡುತ್ತಿದ್ದೆವು. ಮಳೆಗಾಲದಲ್ಲಿ ಕೆಸರು, ಮಕ್ಕಳ ಚಪ್ಪಲಿ ಅದರೊಳಗೇ ಉಳಿಯುತ್ತಿತ್ತು. ಇದಕ್ಕೆಲ್ಲ ಹೇಗೋ ಹೊಂದಿಕೊಂಡೆವು ಮಾರಾಯ್ರೇ. ಹೊಂದಿಕೊಳ್ಳಲು ಆಗದೆ ಇದ್ದದ್ದು ಸದ್ದಿಗೆ. ಅದಕ್ಕಿಂತ ಕಷ್ಟ ಎಂದರೆ, ಹೊಂದಿಕೊಂಡಿದ್ದೇವೆ ಎಂದು ನಾನು ತಿಳಿದುಕೊಂಡದ್ದು.

ಮೂರನೇ ತರಗತಿ ರಸ್ತೆ ಬದಿಯ ಕೋಣೆಯಲ್ಲಿತ್ತು. ಮುರಕಲ್ಲು ಒಡೆಯುವ ಬ್ರೇಕರ್ ಒಂದು ಕಡೆ, ರೋಲರ್ ಇನ್ನೊಂದು ಕಡೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಕಿವಿ ಕೆಪ್ಪು. ನಾನು ಕಿರುಚಿ ಪಾಠ ಮಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಸಂಜೆ ಮನೆಗೆ ಹೋದರೆ ಸ್ವರವೇ ಇರುತ್ತಿರಲಿಲ್ಲ.

ಆ ತರಗತಿಯಲ್ಲಿ ಕಿಟಕಿ ಪಕ್ಕ, ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಹೆಸರು ಬೇಡ. ಮನೆಯಲ್ಲಿ ತುಳು. ಒಳ್ಳೆಯ ಹುಡುಗ, ಗಲಾಟೆ ಇಲ್ಲ. ಆದರೆ ಉಕ್ತಲೇಖನ ಕೊಟ್ಟರೆ ಹತ್ತಕ್ಕೆ ಎರಡೋ ಮೂರೋ. "ಇವನು ಸ್ವಲ್ಪ ಮಂದ" ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಅವನ ತಾಯಿಯ ಹತ್ತಿರವೂ ಹೇಳಿದ್ದೆ. "ಹಾಗಾದರೆ ಬರುವ ವರ್ಷ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ತೇವೆ ಟೀಚರ್, ಅಲ್ಲಿಗೆ ಬಸ್ಸಾದರೂ ಬರ್ತದೆ" ಎಂದರು ಅವರು. ಗಡಿನಾಡ ಶಿಕ್ಷಕರಿಗೆ ಈ ಮಾತಿನ ಭಾರ ಗೊತ್ತು. ಜೂನಿನಲ್ಲಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಶಾಲೆಯಲ್ಲಿ ಎಷ್ಟು ಹುದ್ದೆ ಇರಬೇಕು ಎಂಬುದು ಆ ಲೆಕ್ಕದಲ್ಲಿ ನಿಂತಿದೆ. ನಮ್ಮಂಥ ಶಾಲೆಗೆ ಒಂದು ಮಗು ಎಂದರೆ ಒಂದೇ ಮಗು ಅಲ್ಲ.

ಒಂದು ದಿನ ಮನೆಯಲ್ಲಿ ಅವನ ಪುಸ್ತಕ ತಿದ್ದುತ್ತಾ ಇದ್ದೆ. ನಾನು ಹೇಳಿದ್ದು ತಲೆ, ಅವನು ಬರೆದದ್ದು ಕಲೆ. ನಾನು ಹೇಳಿದ್ದು ಕಾಡು, ಅವನು ಬರೆದದ್ದು ಪಾಡು. ಹಾಡು ಆಡಾಗಿತ್ತು, ಮರ ಬರವಾಗಿತ್ತು. ಕೆಂಪು ಪೆನ್ನು ಹಿಡಿದವಳು ಹಾಗೇ ನಿಂತೆ. ತಪ್ಪುಗಳಲ್ಲಿ ಒಂದು ಕ್ರಮ ಇತ್ತು. ಸ್ವರ ಎಲ್ಲ ಸರಿ, ಮೊದಲ ವ್ಯಂಜನ ಮಾತ್ರ ತಪ್ಪು. ದಡ್ಡನಾದರೆ ಹೀಗೆ ಲೆಕ್ಕ ಹಾಕಿದಂತೆ ತಪ್ಪು ಮಾಡುತ್ತಾನೆಯೇ?

ಮರುದಿನ ಹೆಡ್ ಟೀಚರನ್ನು ಕರೆದು, "ನೀವು ಹತ್ತು ಪದ ಓದಿ" ಎಂದು ಹೇಳಿ ನಾನು ಅವನ ಪಕ್ಕ ಕೂತು ಬರೆದೆ. ಹೊರಗೆ ಬ್ರೇಕರ್ ನಡೆಯುತ್ತಿತ್ತು. ಬಿ.ಎ. ಓದಿದ, ಇಪ್ಪತ್ತು ವರ್ಷ ಕನ್ನಡ ಕಲಿಸಿದ ನನಗೆ ಹತ್ತರಲ್ಲಿ ಮೂರು ತಪ್ಪಿತು! ಕಿರುಚಿದರೆ ಸ್ವರ ದೊಡ್ಡದಾಗುತ್ತದೆ ಅಷ್ಟೆ. ತ, ಕ, ಪ, ಹ ಸದ್ದಿನಲ್ಲಿ ಮುಳುಗಿ ಹೋಗುತ್ತವೆ.

ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ. ಪೇಟೆಯ ಬೋರ್ಡುಗಳಲ್ಲಿ ಹೆಚ್ಚು ಮಲಯಾಳ. ಎಷ್ಟೋ ಮಕ್ಕಳಿಗೆ ದಿನದಲ್ಲಿ ಕನ್ನಡ ಕಿವಿಗೆ ಬೀಳುವುದು ಟೀಚರ ಬಾಯಿಂದ ಮಾತ್ರ. ಅದೂ ಕೇಳದಿದ್ದರೆ ಅವರು ಕನ್ನಡ ಕಲಿಯುವುದು ಎಲ್ಲಿಂದ?

ಪಕ್ಕದ ಇಗರ್ಜಿಗೂ ಇದೇ ಪಾಡು. ಮರಣದ ಪೂಜೆ ಇದ್ದರೆ ಹೋಗಿ ಹೇಳುತ್ತಿದ್ದರು, ಕೆಲಸದವರು ಯಂತ್ರ ನಿಲ್ಲಿಸಿ ಟೋಪಿ ತೆಗೆದು ನಿಲ್ಲುತ್ತಿದ್ದರು. ಬಿಹಾರ, ಬಂಗಾಳದಿಂದ ಬಂದ ಹುಡುಗರು, ಮರ್ಯಾದೆ ಇದ್ದವರು. ಆದರೆ ದಿನಾ ಐದಾರು ಗಂಟೆ ನಿಲ್ಲಿಸಿ ಎಂದು ಶಾಲೆಯವರು ಕೇಳಲು ಆಗುತ್ತದೆಯೇ? ನಾನು ಈ ಕತೆಯನ್ನು ಫಾದರ್ ಹತ್ತಿರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನನ್ನ ಪ್ರವಚನವೂ ಅರ್ಧ ಜನಕ್ಕೆ ಕೇಳುವುದಿಲ್ಲ ಟೀಚರ್. ಆದರೆ ಪೂಜೆಯ ಮಾತು ನಮ್ಮವರಿಗೆ ಬಾಯಿಪಾಠ, ಅರ್ಧ ಕೇಳಿದರೂ ಉಳಿದದ್ದು ತುಂಬಿಸಿಕೊಳ್ಳುತ್ತಾರೆ. ಮಕ್ಕಳು ಗೊತ್ತಿಲ್ಲದ್ದನ್ನು ಎಲ್ಲಿಂದ ತುಂಬಿಸುವುದು? ಹಿಂದಿನ ಹಾಲ್ ವಾರದ ದಿನ ಖಾಲಿ ತಾನೆ, ಕಳುಹಿಸಿ."

ಪಿ.ಟಿ.ಎ. ಸಭೆ ಕರೆದೆವು. "ಇಗರ್ಜಿಯಲ್ಲಿ ಪಾಠವಾ?" ಎಂದು ಒಬ್ಬರು ಕೇಳಿದರು. ಅತ್ತ ಅವರಲ್ಲೂ ಕೆಲವರು ಕರೆಂಟ್ ಬಿಲ್ಲಿನ ಮಾತು ಎತ್ತಿದರಂತೆ. ಮೇಲಿನವರ ಒಪ್ಪಿಗೆ ಪಡೆದು, ಗಿಡ್ಡ ಗೋಡೆಯ ನಾಲ್ಕು ಕಲ್ಲು ತೆಗೆದು ದಾರಿ ಮಾಡಿ, ಮೂರು ಮತ್ತು ನಾಲ್ಕನೇ ತರಗತಿಯನ್ನು ಅಲ್ಲಿಗೆ ಸಾಗಿಸಿದೆವು. ಹಾಲಿನಲ್ಲಿ ಮದುವೆ ಇದ್ದ ದಿನ ಇಗರ್ಜಿಯ ಹಿಂದಿನ ಜಗಲಿಯಲ್ಲಿ ಪಾಠ.

ಮೊದಲ ದಿನ ನಾನು ಅಭ್ಯಾಸಬಲದಿಂದ ಕಿರುಚಿದೆ. ಮಕ್ಕಳು ನಕ್ಕರು. ಆ ಹುಡುಗ ಎರಡು ತಿಂಗಳಲ್ಲಿ ಹತ್ತಕ್ಕೆ ಎಂಟು ತೆಗೆದ. ನಾನು ಅವನ ಮನೆಗೆ ಹೋಗಿ ತಾಯಿಯ ಹತ್ತಿರ, "ತಪ್ಪು ಅವನದ್ದಲ್ಲ, ನನ್ನದು" ಎಂದೆ. ಅವರು ಚಾ ಕೊಟ್ಟರು, ಏನೂ ಹೇಳಲಿಲ್ಲ. ಜೂನಿನಲ್ಲಿ ಅವನು ನಮ್ಮಲ್ಲೇ ನಾಲ್ಕನೇ ತರಗತಿಗೆ ಬಂದ.

ಆಮೇಲೆ ಒಂದು ವಿಷಯ ಓದಿದೆ. ನ್ಯೂಯಾರ್ಕಿನಲ್ಲಿ ಮೇಲ್ಸೇತುವೆ ರೈಲಿನ ಪಕ್ಕ ಒಂದು ಶಾಲೆ. ಅಲ್ಲಿ ಆರ್ಲೀನ್ ಬ್ರಾನ್ಜಾಫ್ಟ್ ಎಂಬವರು 1975ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಳಿಯ ಕಡೆಯ ಕೋಣೆಗಳ ಮಕ್ಕಳು ಆರನೇ ತರಗತಿಗೆ ಬರುವಾಗ ಓದಿನಲ್ಲಿ ಸುಮಾರು ಒಂದು ವರ್ಷ ಹಿಂದೆ ಬಿದ್ದಿದ್ದರು. ಹಳಿಗೆ ರಬ್ಬರ್, ಕೋಣೆಗೆ ಸದ್ದು ತಡೆಯುವ ಮಾಡು ಹಾಕಿದ ಮೇಲೆ 1981ರಲ್ಲಿ ನೋಡಿದರೆ ಆ ವ್ಯತ್ಯಾಸವೇ ಇರಲಿಲ್ಲ. ನಮ್ಮ ದೇಶದಲ್ಲೂ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ನಿಶ್ಶಬ್ದ ವಲಯಕ್ಕೆ ಹಗಲು 50 ಡೆಸಿಬಲ್ ಮಿತಿ ಇದೆ.

ಈಗ ರಸ್ತೆ ಆಗಿದೆ. ಚೆನ್ನಾಗಿಯೇ ಇದೆ, ಮಂಗಳೂರಿಗೆ ಬೇಗ ತಲಪುತ್ತೇವೆ. ಬ್ರೇಕರ್ ಹೋಯಿತು, ಆದರೆ ವಾಹನಗಳ ಸದ್ದು ಶಾಶ್ವತ. ರಸ್ತೆ ಬದಿಯ ಕೋಣೆಯನ್ನು ಈಗ ಪುಸ್ತಕ, ಅಕ್ಕಿ ಇಡಲು ಬಳಸುತ್ತೇವೆ. ಗೋಡೆಯ ಆ ನಾಲ್ಕು ಕಲ್ಲುಗಳನ್ನು ಯಾರೂ ತಿರುಗಿ ಇಟ್ಟಿಲ್ಲ, ಇಡುವುದೂ ಬೇಡ.

ಶಿಕ್ಷಕ ಮಿತ್ರರೇ, ನಿಮ್ಮ ಶಾಲೆಯ ಪಕ್ಕವೂ ರಸ್ತೆಯೋ ಕಟ್ಟಡವೋ ಏಳುತ್ತಿದ್ದರೆ ಒಂದು ಕೆಲಸ ಮಾಡಿ. ಯಾರನ್ನಾದರೂ ಮಂದ ಎನ್ನುವ ಮೊದಲು ಆ ಮಗುವಿನ ಬೆಂಚಿನಲ್ಲಿ ಕೂತು ಹತ್ತು ಪದ ಉಕ್ತಲೇಖನ ಬರೆಯಿರಿ. ಎಷ್ಟು ಸರಿಯಾಯಿತು, ನನಗೂ ತಿಳಿಸಿ.