ಟೋಪಿ ಹಾಕಿಸಿಕೊಂಡವನಿಗೆ ಹೆಸರೇನು?

ಮೋಸ ಮಾಡಿದವನನ್ನು ಬಯ್ಯಲು ಯಾವ ಭಾಷೆಯಲ್ಲೂ ಪದಗಳಿಗೆ ಬರವಿಲ್ಲ. ಮೋಸಹೋದವನನ್ನು ಏನೆಂದು ಕರೆಯಬೇಕೆಂಬುದೇ ಕಷ್ಟ. ಕೆಲವು ತಿಂಗಳಿಂದ ನಿಘಂಟನ್ನು ಮುಂದಿಟ್ಟುಕೊಂಡು ಸ್ಪ್ಯಾನಿಷ್ ಭಾಷೆಯೊಡನೆ ಗುದ್ದಾಡುತ್ತಿರುವ ನನಗೆ ಈ ತೊಡಕು ಬಂದದ್ದು ಸಾಂಚೋ ಪಾಂಜಾನ ದೆಸೆಯಿಂದ. ದ್ವೀಪವೊಂದರ ಅಧಿಕಾರ ಕೊಡಿಸುತ್ತೇನೆಂಬ ಡಾನ್ ಕ್ವಿಕ್ಸೋಟನ ಮಾತನ್ನು ನಂಬಿ, ಹೆಂಡತಿ ಮಕ್ಕಳನ್ನು ಬಿಟ್ಟು, ಕತ್ತೆಯೇರಿ ಹೊರಟ ಆ ಬಡ ರೈತನಿಗೆ ಅವನ ಭಾಷೆಯಲ್ಲೇ ಒಂದು ತಕ್ಕ ಪದ ಹುಡುಕೋಣವೆಂದು ಕುಳಿತೆ.

ಮೊದಲು ಸಿಕ್ಕಿದ್ದು 'ಇನ್ಹೆನುವೊ'. ಇದರದು ದೊಡ್ಡ ಮನೆತನ. ಲ್ಯಾಟಿನ್ನಿನಲ್ಲಿ ಇದರ ಮೂಲರೂಪಕ್ಕೆ, ಗುಲಾಮನಾಗಿ ಹುಟ್ಟದೆ ಸ್ವತಂತ್ರನಾಗಿ ಹುಟ್ಟಿದವನು ಎಂದರ್ಥ. ಅಂಥವನು ಮುಚ್ಚುಮರೆಯಿಲ್ಲದೆ ಮಾತನಾಡುತ್ತಾನೆ. ಲೋಕವೂ ತನ್ನಂತೆಯೇ ಎಂದು ತಿಳಿಯುತ್ತಾನೆ. ಹೀಗೆ ರೋಮಿನ ಸ್ವತಂತ್ರ ಪ್ರಜೆ ಮೆಟ್ಟಿಲಿಳಿದು ಲೋಕವರಿಯದ ಸಾಧುಪ್ರಾಣಿಯಾದ. ನಮ್ಮ 'ಮುಗ್ಧ' ಪದವಾದರೋ ಮೆಟ್ಟಿಲು ಹತ್ತಿದೆ. ಸಂಸ್ಕೃತದಲ್ಲಿ ಭ್ರಾಂತ, ಮೂಢ ಎಂಬ ಅರ್ಥಗಳೂ ಇದ್ದ ಈ ಪದವನ್ನು ನಾವಿಂದು ಮಗುವಿನ ನಗುವಿಗೆ ಬಳಸುತ್ತೇವೆ.

'ಇನೊಸೆಂತೆ' ಎಂಬುದೂ ಇದೆ. ಹೆರೋದ ರಾಜನು ಕೊಲ್ಲಿಸಿದ ಶಿಶುಗಳ ಸ್ಮರಣೆಗೆ ಮೀಸಲಾದ ಡಿಸೆಂಬರ್ 28ರಂದು ಸ್ಪೇನಿನವರು ಒಬ್ಬರನ್ನೊಬ್ಬರು ಬೇಸ್ತು ಬೀಳಿಸುತ್ತಾರೆ, ಬೆನ್ನಿಗೆ ಕಾಗದದ ಬೊಂಬೆ ಅಂಟಿಸುತ್ತಾರೆ. ಬೇಸ್ತುಬಿದ್ದವನೇ ಆ ದಿನದ ಇನೊಸೆಂತೆ. ಹಾಗೆಯೇ 'ಪ್ರೀಮೊ' ಎಂದರೆ ಚಿಕ್ಕಪ್ಪನ ಮಗನೋ ಸೋದರಮಾವನ ಮಗನೋ ಆಗಬಹುದು. ಸುಲಭವಾಗಿ ಟೋಪಿ ಹಾಕಿಸಿಕೊಳ್ಳುವವನೂ ಆಗಬಹುದು. ನಮ್ಮಲ್ಲಿಯೂ ಟೋಪಿ ಹಾಕುವವನು ಮೊದಲು 'ಅಣ್ಣಾ' ಎಂದೇ ಕರೆಯುವುದಿಲ್ಲವೇ?

ನನ್ನ ತಕರಾರಿರುವುದು 'ಇಂಕೌತೊ' ಎಂಬ ಪದದ ಮೇಲೆ. ಎಚ್ಚರವಿಲ್ಲದವನು ಎಂದಷ್ಟೇ ಇದರ ಅರ್ಥ. ಸ್ಪೇನಿನಲ್ಲಿ 'ಎಸ್ತಂಪೀತ' ಎಂಬ ಹಳೆಯ ಮೋಸವೊಂದಿದೆ; 1959ರ 'ಲೋಸ್ ತ್ರಂಪೋಸೋಸ್' ಚಲನಚಿತ್ರದಲ್ಲಿ ನಟ ತೋನಿ ಲೆಬ್ಲಾಂಕ್ ಅದನ್ನು ಮನೆಮಾತಾಗಿಸಿದ. ಬುದ್ಧಿಮಾಂದ್ಯನ ಸೋಗು ಹಾಕಿದವನೊಬ್ಬ ನೋಟಿನ ಕಂತೆಯಿರುವ ಚೀಲ ಹಿಡಿದು, ಇವು ಬರಿಯ ಚಿತ್ರಪಟಗಳೆನ್ನುತ್ತ ಬೀದಿಯಲ್ಲಿ ನಿಲ್ಲುತ್ತಾನೆ. ಅವನ ಜೊತೆಗಾರ ದಾರಿಹೋಕನ ಕಿವಿಯಲ್ಲಿ, ಈ ಹುಚ್ಚಪ್ಪನಿಗೆ ಚಿಲ್ಲರೆ ಕಾಸು ಕೊಟ್ಟು ಎಲ್ಲವನ್ನೂ ಕೊಂಡುಬಿಡೋಣ ಎಂದು ಉಸುರುತ್ತಾನೆ. ದಾರಿಹೋಕ ಓಡಿಹೋಗಿ ಮನೆಯ ಉಳಿತಾಯವನ್ನು ತಂದು ಸುರಿಯುತ್ತಾನೆ. ಕೊನೆಗೆ ಅವನ ಪಾಲಿಗೆ ಉಳಿಯುವುದು ಕತ್ತರಿಸಿದ ರದ್ದಿ ಕಾಗದ. ಈ ಮಹಾಶಯನಿಗೆ ಎಚ್ಚರ ಕಡಮೆಯಾಗಿತ್ತೇ? ಪೆದ್ದನೊಬ್ಬನನ್ನು ಸುಲಿಯಲು ಹೊರಟವನಿಗೆ ಇಂಕೌತೊ ಎನ್ನುವುದು ನನ್ನ ಮಟ್ಟಿಗೆ ಅತಿ ದಾಕ್ಷಿಣ್ಯ. ಪದವನ್ನು ಆರಿಸುವುದೆಂದರೆ ತಪ್ಪನ್ನು ಯಾರ ತಲೆಗೆ ಕಟ್ಟುವುದೆಂದು ತೀರ್ಮಾನಿಸಿದಂತೆಯೇ.

ಸಾಂಚೋನಲ್ಲೂ ದುರಾಸೆ ಇರಲಿಲ್ಲವೆಂದಲ್ಲ. ಆದರೆ ಅವನು ಯಾರನ್ನೂ ಸುಲಿಯಹೊರಟವನಲ್ಲ. 1615ರ ಎರಡನೆಯ ಭಾಗದಲ್ಲಿ ಡ್ಯೂಕ್ ದಂಪತಿಗಳು ಮೋಜಿಗಾಗಿ ತಮ್ಮದೊಂದು ಊರನ್ನೇ ದ್ವೀಪವೆಂದು ಹೇಳಿ ಅವನಿಗೆ ಒಪ್ಪಿಸುತ್ತಾರೆ. ನ್ಯಾಯಕ್ಕೆ ಇಬ್ಬರು ಮುದುಕರು ಬರುತ್ತಾರೆ. ಸಾಲಗಾರನು ತನ್ನ ಊರುಗೋಲನ್ನು ಸಾಲ ಕೊಟ್ಟವನ ಕೈಗಿತ್ತು, ಹತ್ತು ಚಿನ್ನದ ನಾಣ್ಯಗಳನ್ನು ಹಿಂದಿರುಗಿಸಿದ್ದೇನೆಂದು ಆಣೆ ಮಾಡಿ, ಕೋಲನ್ನು ಮರಳಿ ಪಡೆಯುತ್ತಾನೆ. ಸಾಂಚೋ ಕ್ಷಣಕಾಲ ಯೋಚಿಸಿ ಕೋಲನ್ನು ಮುರಿಸುತ್ತಾನೆ, ನಾಣ್ಯಗಳು ಉದುರುತ್ತವೆ! ಇವನನ್ನು 'ತೊಂತೊ', ಎಂದರೆ ದಡ್ಡ, ಎನ್ನುವುದು ಹೇಗೆ? ಆದ್ದರಿಂದ ನಾನು 'ಕ್ರೆದುಲೊ' ಎಂದು ಬರೆದುಕೊಂಡೆ. ನಂಬು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ. ನಂಬುವ ಸ್ವಭಾವದವನು, ಅಷ್ಟೆ.

ಕಥೆಗಾರನು ಮಾತ್ರ ತೊಂತೊ ಎಂಬ ಪದವನ್ನು ಬಿಟ್ಟಿಲ್ಲ. ಒಡೆಯನಿಗೂ ಆಳಿಗೂ ಅದನ್ನೇ ಹಚ್ಚಿದ್ದಾನೆ. ಆದರೆ ಅವರಿಬ್ಬರನ್ನು ಗೇಲಿಮಾಡಲು ಅಷ್ಟೊಂದು ಶ್ರಮಪಟ್ಟ ಡ್ಯೂಕ್ ದಂಪತಿಗಳೂ ಹಾಗೆ ಕಾಣಿಸಿಕೊಳ್ಳಲು ಎರಡು ಬೆರಳಿನಷ್ಟೂ ದೂರವಿರಲಿಲ್ಲವೆಂದು ಅದೇ ಉಸಿರಿನಲ್ಲಿ ಸೇರಿಸಿದ್ದಾನೆ.