ಒಂದು ಮಂಚಕ್ಕಾಗಿ ದಂಡಯಾತ್ರೆ

ಹಿರಿಯೂರು ಇನ್ನೂ ಬಂದಿರಲಿಲ್ಲ, ಬಸ್ಸು ನಿಂತೇಬಿಟ್ಟಿತು. ಮುಂದೆ ಎಲ್ಲೋ ಈರುಳ್ಳಿ ಲಾರಿ ಮಗುಚಿದೆಯಂತೆ. ರಾತ್ರಿ ಎರಡು ಗಂಟೆ. ಹೆದ್ದಾರಿಯುದ್ದಕ್ಕೂ ಕೆಂಪು ದೀಪಗಳು, ಒಂದೂ ಅಲುಗುತ್ತಿಲ್ಲ. ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದ ಹುಡುಗಿ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾಳೆ, ಒಳಗೆಳೆದುಕೊಳ್ಳುತ್ತಾಳೆ, ಮೊಬೈಲಿನಲ್ಲಿ ಗಂಟೆ ನೋಡುತ್ತಾಳೆ. ಬೆಳಗಾದರೆ ಕೊನೆಯ ದಿನ. ಸಂಜೆಯೊಳಗೆ ಜ್ಞಾನಭಾರತಿಯಲ್ಲಿ ದಾಖಲೆ ತೋರಿಸಿ ಶುಲ್ಕ ಕಟ್ಟದಿದ್ದರೆ ಎಂ.ಎಸ್ಸಿ. ಸೀಟು ಪಟ್ಟಿಯಲ್ಲಿ ಮುಂದಿನವರ ಪಾಲು.

ಪಕ್ಕದಲ್ಲಿ ಸೋದರಮಾವ. ಗೌಂಡಿ ಕೆಲಸದವನು, ಅಂಗಿಯ ಜೇಬಿನಲ್ಲಿ ಅಳತೆ ಟೇಪು ಸದಾ ಇರುತ್ತದೆ. ಅವನ ಕೈಯಲ್ಲಿ ಪೂರ್ತಿ ದರದ ಟಿಕೆಟ್ಟು, ಅವಳ ಕೈಯಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಕೊಡುತ್ತಿರುವ ಶಕ್ತಿ ಯೋಜನೆಯ ಶೂನ್ಯ ಚೀಟಿ. ಕಾಲ ಬುಡದಲ್ಲಿ ಎರಡು ಬ್ಯಾಗು, ಖಡಕ್ ರೊಟ್ಟಿ ಗಂಟು, ಶೇಂಗಾ ಹಿಂಡಿ ಡಬ್ಬಿ.

"ಮಾಮಾ, ಮುಟ್ಟತೀವೇನು?"

"ಮುಟ್ಟತೀವಿ ಮಕ್ಕೋ ಯವ್ವಾ. ಉಳಿಯೂದು ಎಲ್ಲಿ ಅನ್ನೂದು ಹೇಳು."

ಅದೇ ಪ್ರಶ್ನೆ. ಸೀಟು ಅಂಕಕ್ಕೆ ಸಿಕ್ಕಿತ್ತು. ತಲೆ ಇಡುವ ಜಾಗ ಯಾವುದಕ್ಕೆ ಸಿಗುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಲಾರಿ ಎತ್ತಿದರು, ಬಸ್ಸು ಹಾರಿತು. ಶಿರಾ, ತುಮಕೂರು, ನೆಲಮಂಗಲ, ಅಲ್ಲಿಂದ ಪೀಣ್ಯದ ಟ್ರಾಫಿಕ್ಕು. ಮೆಜೆಸ್ಟಿಕ್ಕಿನಲ್ಲಿ ಇಳಿಯುವಾಗ ಬಿಸಿಲು ಏರಿತ್ತು. ಮುಖ ತೊಳೆದದ್ದೇ ಸ್ನಾನ. ಓಡು, ನೇರಳೆ ಮಾರ್ಗದ ಮೆಟ್ರೋ ಹತ್ತು, ವಿಜಯನಗರ, ಅತ್ತಿಗುಪ್ಪೆ, ನಾಯಂಡಹಳ್ಳಿ. ಕೆಳಗೆ ಮೈಸೂರು ರಸ್ತೆ, ಅದರ ಮಗ್ಗುಲಲ್ಲಿ ಹೆಸರಿಗೆ ನದಿಯಾದ ಕಪ್ಪು ವೃಷಭಾವತಿ. ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದವರಿಗೆ ಎದುರಾದದ್ದು ಸುಮಾರು 1,100 ಎಕರೆ ಕ್ಯಾಂಪಸ್ಸು. ಗೇಟು ಸಿಕ್ಕಿತೆಂದರೆ ವಿಭಾಗ ಸಿಕ್ಕಿತು ಎಂದಲ್ಲ. ಮರಗಳ ನಡುವೆ ರಸ್ತೆ, ಆ ರಸ್ತೆಗೆ ಇನ್ನೊಂದು ರಸ್ತೆ. ಕೇಳಿದವರೆಲ್ಲ "ಸ್ಟ್ರೈಟ್ ಹೋಗಿ" ಎನ್ನುವವರೇ.

ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಉದ್ದ ಸಾಲು. ಅಂಕಪಟ್ಟಿ, ಟಿ.ಸಿ., ಜಾತಿ ಮತ್ತು ಆದಾಯ ಪತ್ರ, ಲಿಂಗಸುಗೂರಿನ ಉಪವಿಭಾಗಾಧಿಕಾರಿ ಕಚೇರಿಯಿಂದ ತಂದ 371ಜೆ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ತಮ್ಮ ಭಾಗದಾಚೆಯ ವಿಶ್ವವಿದ್ಯಾಲಯದಲ್ಲೂ ಶೇ. 8ರ ಬಾಗಿಲು ತೆರೆಯುವ ಕಾಗದ ಅದು. ಅವಳ ಸರದಿ ಬಂತು. ಮೇಜಿನ ಆಚೆಯವರು ಎರಡು ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟರು.

"ಏನಮ್ಮಾ, ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದಿದೆ, ಜಾತಿ ಪತ್ರದಲ್ಲಿ ತಂದೆ ಹೆಸರು ಪೂರ್ತಿ ಇದೆ. ಒಂದು ಅಫಿಡವಿಟ್ ತಂದುಬಿಡಿ."

ಮಧ್ಯಾಹ್ನ ಮೂರು ದಾಟಿದೆ. ಮಾವ ಆಟೋ ಹಿಡಿಯುತ್ತಾನೆ. ನೋಟರಿ ಊಟಕ್ಕೆ ಹೋಗಿದ್ದಾರೆ. ಇನ್ನೊಬ್ಬ ನೋಟರಿ. ಛಾಪಾ ಕಾಗದ, ಟೈಪಿಂಗು, ಕರೆಂಟು ಹೋಯಿತು, ಬಂತು, ಸಹಿ, ಮೊಹರು, ಮತ್ತೆ ಆಟೋ. ಕೌಂಟರಿನ ಕಿಟಕಿ ಅರ್ಧ ಇಳಿದಿತ್ತು. ಇವಳ ಉಸಿರಾಟ ಕೇಳಿಯೋ ಏನೋ ಒಳಗಿನ ಮೇಡಂ ಅದನ್ನು ಮತ್ತೆ ಮೇಲಕ್ಕೆತ್ತಿದರು. ರಸೀದಿ ಕೈಗೆ ಬಂತು. ಸೀಟು ಉಳಿಯಿತು.

ಹಾಸ್ಟೆಲ್? ಎರಡು ದಾರಿ ಎಂದರು. ಒಂದು ಕ್ಯಾಂಪಸ್ಸಿನ ಹಾಸ್ಟೆಲು. ಇನ್ನೊಂದು ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಗಳು ನಡೆಸುವ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು. ಅವಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ. ಎರಡಕ್ಕೂ ಮೊದಲು ಪ್ರವೇಶ ಆಗಿರಬೇಕು, ಆಮೇಲೆ ಅರ್ಜಿ, ಆಮೇಲೆ ಪಟ್ಟಿ. ಅಲ್ಲಿಯವರೆಗೆ? ಆ ಪ್ರಶ್ನೆಗೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

ಈ ಕ್ಯಾಂಪಸ್ಸು ಬೇರೂರಿದ ಕಾಲದಲ್ಲಿ, 1972ರಿಂದ 1977ರವರೆಗೆ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು ಎಚ್. ನರಸಿಂಹಯ್ಯ. 1935ರಲ್ಲಿ ಗೌರಿಬಿದನೂರು ಕಡೆಯಿಂದ ಓದಲೆಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದ ಹುಡುಗ. ಪದವಿ ಬಂತು, ಪದ್ಮಭೂಷಣ ಬಂತು, ವಾಸ ಮಾತ್ರ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ. ಹಾಸ್ಟೆಲ್ಲಿನ ಒಂದು ಮಂಚ ಯಾರನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಸಂಜೆ ಹುಡುಗಿಗೆ ಬೇಕಿದ್ದದ್ದು ಸಾಕ್ಷಿಯಲ್ಲ, ಮಂಚ.

ಮಳೆ ಶುರುವಾಯಿತು. ಬೇಟೆಯೂ ಶುರುವಾಯಿತು. ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳದ ದಿಕ್ಕು, ಕಂಬಕಂಬಕ್ಕೂ 'ಲೇಡೀಸ್ ಪಿ.ಜಿ.' ಚೀಟಿ. ಬಾಡಿಗೆ ರೂಮು ಹಿಡಿಯೋಣವೆಂದರೆ ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎಂದಿದೆ. ಓನರಿಗೆ ಅದನ್ನು ಹೇಳಿ ನೋಡಿ!

ಒಂದು ಪಿ.ಜಿ.ಯಲ್ಲಿ ಮಾವನನ್ನು ಒಳಗೆ ಬಿಟ್ಟರು, ಹುಡುಗಿಯರೆಲ್ಲ ಕೆಳಗೆ ಊಟಕ್ಕೆ ಹೋಗಿದ್ದರು. ನಾಲ್ಕು ಶೇರಿಂಗ್. ಕಿಟಕಿ ಇತ್ತು, ಅದರಾಚೆ ಪಕ್ಕದ ಕಟ್ಟಡದ ಗೋಡೆ. ಮಾವ ಮಾತಾಡಲಿಲ್ಲ, ಟೇಪು ತೆಗೆದ, ಉದ್ದ ಹಿಡಿದ, ಅಗಲ ಹಿಡಿದ. ಹತ್ತು ಅಡಿ, ಹನ್ನೊಂದು ಅಡಿ.

"110 ಚದರಡಿ. ನಾಕ್ ಮಂದಿಗೆ ಭಾಗಿಸಿದ್ರ ತಲಿಗೆ ಇಪ್ಪತ್ತೇಳೂವರಿ. ಏನ್ರೀ ಅಕ್ಕಾರ, ಹೊಳ್ಳಿ ಮಲಗಾಕರ ಜಾಗ ಬ್ಯಾಡೇನ್ರೀ?"

ಓನರ್ ಆಂಟಿಗೆ ಮುಖ ಕೆಂಪಾಯಿತು. "ಇಷ್ಟ ಇದ್ರೆ ತಗೊಳ್ಳಿ ಸಾರ್, ರಾತ್ರಿಯೊಳಗೆ ಇದೂ ಇರಲ್ಲ." ಪಿ.ಜಿ.ಗಳಲ್ಲಿ ತಲೆಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಬಿಬಿಎಂಪಿ 2024ರಲ್ಲೇ ಸೂಚಿಸಿತ್ತು. ಆ ಲೆಕ್ಕದಲ್ಲಿ ಕೋಣೆ ಒಂದೂವರೆ ಮನುಷ್ಯರದ್ದು. ಮಾವನಿಗೆ ಆ ನಿಯಮ ಗೊತ್ತಿರಲಿಲ್ಲ, ಗೌಂಡಿಯ ಕಣ್ಣು ಸಾಕಾಗಿತ್ತು.

ಅಷ್ಟರಲ್ಲಿ ಫೋನು. ಜಾಹೀರಾತು ನೋಡಿ ಹುಡುಗಿ ವಿಚಾರಿಸಿದ್ದ ರೂಮು. ಬಿಳಿ ಗೋಡೆ, ಮಂಚ, ಮೇಜು, ಕಿಟಕಿಯಲ್ಲಿ ಮರ, ನಂಬಲಾಗದಷ್ಟು ಕಡಿಮೆ ಬಾಡಿಗೆ. ಆಚೆಯ ದನಿ ಹಿಂದಿಯಲ್ಲಿ ಸಕ್ಕರೆ ಸುರಿಯುತ್ತಿದೆ: ಇನ್ನೂ ಮೂವರು ಕೇಳುತ್ತಿದ್ದಾರೆ, ಟೋಕನ್ ಐದು ಸಾವಿರ ಕಳಿಸಿದರೆ ಹಿಡಿದಿಡುತ್ತೇನೆ, ನೋಡಿ ಬೇಡವೆಂದರೆ ವಾಪಸ್ಸು. ಕ್ಯೂಆರ್ ಕೋಡ್ ಬಂದೇಬಿಟ್ಟಿತು. ಮಳೆಯಲ್ಲಿ ಒದ್ದೆಯಾಗಿ ಅಂಗಡಿ ಸೂರಿನಡಿ ನಿಂತ ಹುಡುಗಿ ಸ್ಕ್ಯಾನ್ ಮಾಡಿದಳು. ಮೊತ್ತ ಹಾಕಿದಳು. ಪಿನ್ನಿನ ಮೊದಲ ಅಂಕಿ. ಎರಡನೆಯದು.

"ತಡಿ! ಮನಿ ನೋಡದ ರೊಕ್ಕ ಯಾಕ? ಈಗ ಬರತೀವಿ, ಬಾಗಲಾ ತಗೀ ಅನ್ನು ಅವಗ."

ಹೇಳಿದಳು. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಎರಡು ಅಂಕಿ ಉಳಿದಿದ್ದವು. (ಒತ್ತಿಬಿಟ್ಟವರು ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಕೈಮೀರುತ್ತದೆ.)

ರಾತ್ರಿ ಒಂಬತ್ತು. ಪಿ.ಜಿ.ಗಳ ಗೇಟು ಒಂದೊಂದಾಗಿ ಮುಚ್ಚುತ್ತಿವೆ. ಮಲ್ಲತ್ತಹಳ್ಳಿಯ ಚಹಾ ಅಂಗಡಿಯಲ್ಲಿ ಮಾವ ಸೊಸೆಯನ್ನು ಸಮಾಧಾನ ಮಾಡುತ್ತಿದ್ದಾನೆ, "ಅಳಬ್ಯಾಡ, ಸ್ಟ್ಯಾಂಡಿನಾಗ ಕುಂತು ಬೆಳಗ ಮಾಡೂಣು." ಪಕ್ಕದ ಬೆಂಚಿನಿಂದ ಒಂದು ತಲೆ ತಿರುಗಿತು.

"ಯಾವೂರ್ರೀ ಕಾಕಾ ನಿಮ್ಮದು? ನಂದು ಮಾನ್ವಿ."

ರೂಮು ಹಿಡಿದು ಓದುತ್ತಿದ್ದ ಸೀನಿಯರ್ ಹುಡುಗಿ. ಇಬ್ಬರ ಕೋಣೆಯಲ್ಲಿ ಮೂರನೆಯವಳಿಗೆ ಚಾಪೆ ಬಿತ್ತು, ರೊಟ್ಟಿ ಗಂಟು ಬಿಚ್ಚಿತು. ಮಾವ ಮೆಜೆಸ್ಟಿಕ್ಕಿಗೆ ಹೋಗಿ ಬೆಳಗಿನವರೆಗೆ ಕೂತು ಊರಿನ ಬಸ್ಸು ಹಿಡಿದ. ರಾಜಧಾನಿಯ ವಸತಿ ವ್ಯವಸ್ಥೆಯ ದೊಡ್ಡ ಭಾಗ ನಡೆಯುತ್ತಿರುವುದೇ ಹೀಗೆ, ತಮ್ಮ ಕಡೆಯ ಮಾತು ಕಿವಿಗೆ ಬಿದ್ದು ಚಾಪೆ ಹಾಸುವವರಿಂದ.

ವಾರಗಳು ಕಳೆದವು. ಬೆಳಿಗ್ಗೆ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಯ ತಿಂಡಿ, ಮಧ್ಯಾಹ್ನ ಹತ್ತು ರೂಪಾಯಿಯ ಊಟ, ನಡುವೆ ಲ್ಯಾಬು. ಹಾಸ್ಟೆಲ್ ಅರ್ಜಿ ತೆರೆಯಿತು. ವಿಭಾಗದ ಕಾಗದ ಕೈಸೇರುವಷ್ಟರಲ್ಲಿ ಕೊನೆಯ ದಿನ ಬಂದಾಗಿತ್ತು. ಸಂಜೆ, ಸೈಬರ್ ಸೆಂಟರಿನಲ್ಲಿ ನೂಕುನುಗ್ಗಲು. ಜಾತಿ ಆದಾಯ ಪತ್ರದ ಆರ್‌ಡಿ ಸಂಖ್ಯೆ ಟೈಪಾಯಿತು: ಎರಡಕ್ಷರ, ಹದಿಮೂರು ಅಂಕಿ, ಒಂದು ತಪ್ಪಿದರೂ ಬೇರೆ ಯಾರದೋ ವಂಶ ತೆರೆದುಕೊಳ್ಳುತ್ತದೆ. ಕೊನೆಗೆ ಆಧಾರ್. ಒಟಿಪಿ ಹೋಯಿತು.

ಎಲ್ಲಿಗೆ? ಅಪ್ಪನ ಮೊಬೈಲಿಗೆ. ಅವಳ ಆಧಾರಿಗೆ ಜೋಡಿಸಿದ್ದು ಅದೇ ಸಂಖ್ಯೆ. ಅಪ್ಪ ತೊಗರಿ ಹೊಲದಲ್ಲಿ.

ಹತ್ತು ನಿಮಿಷ ಗಡುವು. ಅಪ್ಪನಿಗೆ ಕರೆ: ವ್ಯಾಪ್ತಿ ಪ್ರದೇಶದಲ್ಲಿಲ್ಲ. ಅವ್ವನ ಫೋನಿಗೆ ಕರೆ. ಅವ್ವ ತಮ್ಮನನ್ನು ಓಡಿಸಿದಳು. ಹುಡುಗ ಹೊಲ ಮುಟ್ಟಿ, ಅಪ್ಪನ ಮೊಬೈಲು ಕಸಿದು, ಸಿಗ್ನಲ್ಲಿಗಾಗಿ ಬದುವಿನ ಬೇವಿನ ಮರ ಹತ್ತಿದ. ಸೈಬರಿನವನು ಗಡಿಯಾರ ನೋಡುತ್ತಿದ್ದಾನೆ, ಹಿಂದಿನಿಂದ ಹತ್ತು ದನಿ "ಬೇಗ, ಬೇಗ". ಫೋನು ಬಂತು.

"ಅಕ್ಕಾ, ಬರಕೋ! ಮೂರು... ಎಂಟು... ಎಂಟು... ಆರು..."

"ಆರೋ, ಏಳೋ? ಜೋರಾಗಿ ಹೇಳೋ!"

"ಆರು! ಆರು! ಒಂದು... ಸೊನ್ನಿ!"

ಒತ್ತಿದರು. ಚಕ್ರ ತಿರುಗಿತು, ತಿರುಗಿತು, ನಿಂತಿತು. ಅರ್ಜಿ ಸಂಖ್ಯೆ ಪರದೆಯ ಮೇಲೆ ಮೂಡಿತು.

ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಎರಡನೆಯದರಲ್ಲಿ ಬಂತು. ಅಷ್ಟರೊಳಗೆ ಸೆಮಿಸ್ಟರಿನ ಮೊದಲ ಕಿರುಪರೀಕ್ಷೆ ಮುಗಿದಿತ್ತು.

ಅವಳಿಗೆ ಮಂಚ ಸಿಕ್ಕಿತು, ಪಟ್ಟಿಯ ಕೆಳಗಿದ್ದವರಿಗೆ ಸಿಗಲಿಲ್ಲ. ಹಿಂದುಳಿದ ವರ್ಗದ ಅಂಥವರಿಗೆ ವಿದ್ಯಾಸಿರಿ ಇದೆ: ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು. ನಾಗರಭಾವಿಯಲ್ಲಿ ಆ ದುಡ್ಡಿಗೆ ಮಾವ ಅಳೆದ ಕೋಣೆಯ ಕಾಲು ಭಾಗವೂ ಬರುವುದಿಲ್ಲ. ಸೀಟಿನ ಪಟ್ಟಿ ಹಾಕುವ ದಿನವೇ ಹಾಸ್ಟೆಲ್ ಅರ್ಜಿಯನ್ನೂ ತೆಗೆದುಕೊಳ್ಳಲು ತಂತ್ರಾಂಶಕ್ಕೆ ಕಷ್ಟವಿಲ್ಲ. ಅಂಕ, ಜಾತಿ, ಆದಾಯ ಎಲ್ಲವೂ ಆಗಲೇ ಅದರ ಹೊಟ್ಟೆಯಲ್ಲಿರುತ್ತವೆ. ಮಾಡದೆ ಇರುವುದು ಉದಾಸೀನ, ಬೇರೇನಲ್ಲ. ಅದು ಸರಿಹೋಗುವವರೆಗೆ, ಮುಂದಿನ ವರ್ಷ ಮಕ್ಕಳನ್ನು ಪಟ್ಟಣಕ್ಕೆ ಕಳಿಸುವ ತಾಯಿತಂದೆಯರೇ, ಈ ಬೇಸಿಗೆಯಲ್ಲೇ ಅವರ ಆಧಾರಿಗೆ ಅವರದೇ ಮೊಬೈಲ್ ಸಂಖ್ಯೆ ಜೋಡಿಸಿ, ಅಂಕಪಟ್ಟಿಯಲ್ಲಿರುವ ಹೆಸರೇ ಜಾತಿ ಪತ್ರದಲ್ಲೂ ಇದೆಯೇ ಎಂದು ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ ನೋಡಿಕೊಳ್ಳಿ.