ಹೆಂಗೋ ಮೋಸ ಹೋದೆ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ರೂಮಿನವನೊಬ್ಬ ಮೂರು ದಿನ ಸರಿಯಾಗಿ ಮೆಸ್‌ಗೇ ಬರಲಿಲ್ಲ. ಇಂಟರ್ನಲ್ಸ್ ಟೆನ್ಷನ್ ಇರಬೇಕು ಅಂತ ನಾವು ಸುಮ್ಮನಿದ್ವಿ. ನಾಲ್ಕನೇ ರಾತ್ರಿ ಲೈಟ್ ಆಫ್ ಆದ ಮೇಲೆ ಕತ್ತಲಲ್ಲೇ ಹೇಳಿದ: "ಮಗಾ, ಇಪ್ಪತ್ತೆರಡು ಸಾವಿರ ಹೋಯ್ತು."

ಪಾರ್ಟ್‌ಟೈಮ್ ಕೆಲಸ ಅಂತ ಮೆಸೇಜ್ ಬಂದಿತ್ತಂತೆ. ವಿಡಿಯೋಗಳಿಗೆ ಲೈಕ್ ಒತ್ತಿದರೆ ದುಡ್ಡು. ಮೊದಲ ದಿನ ನಿಜವಾಗ್ಲೂ 150 ರೂಪಾಯಿ ಬಂತು. ಆಮೇಲೆ ಸಾವಿರ ಹಾಕಿದ್ರೆ ಸಾವಿರದ ಮುನ್ನೂರು ಅಂದ್ರು. ಕೊನೆಗೆ, ಹಾಕಿದ್ದು ವಾಪಸ್ ಬೇಕಾದ್ರೆ ಇನ್ನಷ್ಟು ಹಾಕು ಅಂದ್ರು. ಅದು ಅವನ ಅಮ್ಮ ಡೇರಿಗೆ ಹಾಲು ಹಾಕಿ ಉಳಿಸಿ, ಫೀಸಿಗೆ ಅಂತ ಕಳಿಸಿದ್ದ ದುಡ್ಡು.

ನಮ್ಮ ಬಾಯಿಂದ ಮೊದಲು ಬಂದಿದ್ದು: "ಹೆಂಗೋ ಮೋಸ ಹೋದೆ? ಇಂಜಿನಿಯರಿಂಗ್ ಓದ್ತಾ ಇದೀಯ, ಇಷ್ಟೂ ಗೊತ್ತಾಗಲ್ವಾ?" ನಕ್ಕೂ ಬಿಟ್ವಿ. ಅವನು ಗೋಡೆ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ವಿ. ಅವರು ಬೈಯಲಿಲ್ಲ. "ದುಡ್ಡು ಯಾವಾಗ ಹೋಯ್ತು?" ಅಂತ ಕೇಳಿದರು. ಬೇಗ ಹೇಳಿದರೆ, ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆಯುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತೆ. ನಾಲ್ಕು ದಿನ ಆಗಿತ್ತಲ್ಲ, ನಾಲ್ಕು ಸಾವಿರ ಮಾತ್ರ ಉಳಿದಿತ್ತು. "ಮೊದಲೇ ಯಾಕೋ ಹೇಳಲಿಲ್ಲ?" ಅಂದ್ವಿ. "ನೀವು ನಗ್ತೀರಾ ಅಂತ" ಅಂದ. ನಾವು ಏನಂತ ಹೇಳೋದು? ನಕ್ಕಿದ್ವಲ್ಲ.

ಠಾಣೆಯಲ್ಲಿ "ಖಾತೆ ನಿಮ್ಮೂರಿನ ಬ್ಯಾಂಕಲ್ಲಿದೆ, ಅಲ್ಲೇ ದೂರು ಕೊಡು" ಅಂದರು. ವಾಪಸ್ ಬಂದ್ವಿ. ಲಾ ಓದುತ್ತಿರುವ ಗೆಳೆಯನ ಅಕ್ಕ ಫೋನಲ್ಲಿ ಬಿಡಿಸಿ ಹೇಳಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ದೂರನ್ನು, ಅದು ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಅನ್ನೋದು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತಿಳಿಸಬೇಕು. ವಕೀಲರಿಗೆ ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಬಹುದು; ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ.

ಮಾರನೇ ದಿನ ನಾವು ನಾಲ್ವರೂ ಜೊತೆಗೆ ಹೋದ್ವಿ. ಸೆಕ್ಷನ್ ಹೇಳಿದ್ವಿ, ಜಗಳ ಆಡಲಿಲ್ಲ. ದೂರು ತಗೊಂಡ್ರು, ಪ್ರತಿ ಕೊಟ್ಟರು. ಉಳಿದ ದುಡ್ಡು ಇವತ್ತಿಗೂ ಬಂದಿಲ್ಲ. ಆದರೆ ಅವತ್ತು ರಾತ್ರಿ ಅವನು ಮೆಸ್‌ಗೆ ಬಂದ.

ಬಸ್ಸಲ್ಲಿ ಯಾರೋ ಕಿರುಕುಳ ಕೊಟ್ಟರು ಅಂತ ಕ್ಲಾಸಿನ ಹುಡುಗಿ ಹೇಳಿದಾಗಲೂ "ಅಷ್ಟೊತ್ತಲ್ಲಿ ಯಾಕೆ ಹೋಗಿದ್ದೆ?" ಅಂತಲೇ ಅಲ್ವಾ ನಾವು ಕೇಳೋದು? ತಪ್ಪು ಮಾಡಿದವನಿಗೆ ಈ ಯಾವ ಪ್ರಶ್ನೆಯೂ ಇಲ್ಲ. ನೊಂದವರಿಗೆ ಕಾನೂನು ಕೊಟ್ಟಿರುವ ಹಕ್ಕು ಶುರುವಾಗೋದು ಅವರು ಬಾಯಿಬಿಟ್ಟು ಹೇಳಿದ ಮೇಲೆ. ಆ ಬಾಯನ್ನೇ ನಾವು ಮುಚ್ಚಿಸಿದರೆ?

ಈಗ ನಮ್ಮ ರೂಮಿನ ಬಾಗಿಲ ಮೇಲೆ, ಮೆಸ್ ಮೆನು ಪಕ್ಕದಲ್ಲಿ, 1930 ಅಂತ ಮಾರ್ಕರ್‌ನಲ್ಲಿ ಬರೆದು ಅಂಟಿಸಿದ್ದೀವಿ. ಹೋದ ವಾರ ರಾತ್ರಿ ಹನ್ನೊಂದಕ್ಕೆ ಜೂನಿಯರ್ ಒಬ್ಬ ಬಂದು ಬಾಗಿಲಲ್ಲೇ ನಿಂತ. "ಅಣ್ಣಾ, ಒಂದು ಲಿಂಕ್ ಒತ್ತಿಬಿಟ್ಟೆ..."

"ಬಾ, ಕೂತ್ಕೋ. ದುಡ್ಡು ಯಾವಾಗ ಹೋಯ್ತು?" ಅಂದ್ವಿ.